ಜಾಂಗೋ ಮಾಡೆಲ್‌ನಲ್ಲಿ ಲಿಸ್ಟ್ ಎಲ್ಲರಿಗೂ ಒಂದೇ, ಬೆಲೆ ಮಾತ್ರ ಬೇರೆ ಬೇರೆ. ಯಾಕೆ?

ಪ್ರಶ್ನೆ (ಕೋಥ್ರೂಡ್, ಪುಣೆ)
ಇಲ್ಲಿ ನಮ್ಮ ಕಡೆಯವರ ಒಂದು ಖಾನಾವಳಿ ಇದೆ. ಅವರ ಡಬ್ಬಿ ಆರ್ಡರ್ ಸೈಟನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ, ಕೋಡ್ ಹಿಂದಿನವರದು, ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೋದಲ್ಲಿದೆ. ಆರ್ಡರ್ ಮಾಡೆಲ್‌ನಲ್ಲಿ (ಡೇಟಾಬೇಸ್ ಟೇಬಲ್‌ಗೆ ಹೊಂದುವ ಕ್ಲಾಸ್) ಎರಡು ಸಾಲು: 'ಬೆಲೆ' ಒಂದು ಡೆಸಿಮಲ್‌ಫೀಲ್ಡ್ (ದಶಾಂಶ ಸಂಖ್ಯೆಯ ಕಾಲಂ), 'ಎಕ್ಸ್‌ಟ್ರಾ' ಒಂದು ಖಾಲಿ ಲಿಸ್ಟ್. ಒಬ್ಬರು ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಸೇರಿಸಿದರೆ ಮುಂದಿನವರ ಆರ್ಡರ್‌ನಲ್ಲೂ ಅವೇ ಕಾಣುತ್ತವೆ. ಬೆಲೆ ಮಾತ್ರ ಸರಿಯಾಗಿದೆ. ಎರಡೂ ಕ್ಲಾಸ್ ಆಟ್ರಿಬ್ಯೂಟ್, ಅಂದರೆ ಎಲ್ಲ ಆರ್ಡರ್‌ಗಳಿಗೂ ಸೇರಿ ಒಂದೇ, ತಾನೇ? ಹಾಗಾದರೆ ಬೆಲೆಯೂ ಬೆರೆಯಬೇಕಿತ್ತು, ಅಲ್ವಾ? ಸುಮ್ನೆ ರಿಪೇರಿ ಮಾಡಿ ಬಿಡಲು ಮನಸ್ಸಿಲ್ಲ, ಕಾರಣ ಗೊತ್ತಾಗಬೇಕು.

ಉತ್ತರ (ಹಿಂಜವಡಿ)
ಒಳ್ಳೆಯ ಪ್ರಶ್ನೆ. ನೋಡೋಕೆ ಎರಡೂ ಒಂದೇ ಥರ, ಆದರೆ ಬೆಲೆಯ ಸಾಲು ಕ್ಲಾಸ್‌ನಲ್ಲಿ ಹಾಗೇ ಉಳಿಯುವುದಿಲ್ಲ. ಕ್ಲಾಸ್ ತಯಾರಾಗುವಾಗ ಮಾಡೆಲ್‌ಬೇಸ್ ಎಂಬ ಮೆಟಾಕ್ಲಾಸ್ (ಕ್ಲಾಸನ್ನೇ ತಯಾರಿಸುವ ಕ್ಲಾಸ್) ಪ್ರತಿ ಆಟ್ರಿಬ್ಯೂಟನ್ನೂ ನೋಡುತ್ತದೆ. 'ಕಾಂಟ್ರಿಬ್ಯೂಟ್_ಟು_ಕ್ಲಾಸ್' ಮೆಥಡ್ ಇದ್ದರೆ ಅದನ್ನು ಕರೆಯುತ್ತದೆ. ಆಗ ಫೀಲ್ಡ್ ಹೋಗಿ '_ಮೆಟಾ'ದಲ್ಲಿ (ಮಾಡೆಲ್‌ನ ವಿವರಗಳನ್ನಿಡುವ ಜಾಗ) ಸೇರಿಕೊಳ್ಳುತ್ತದೆ, ಅದರ ಜಾಗದಲ್ಲಿ ಡಿಫರ್ಡ್‌ಆಟ್ರಿಬ್ಯೂಟ್ ಎಂಬ ಡಿಸ್ಕ್ರಿಪ್ಟರ್ (ಆಟ್ರಿಬ್ಯೂಟ್ ಓದಿದಾಗ ಏನು ಸಿಗಬೇಕೆಂದು ನೋಡಿಕೊಳ್ಳುವ ಆಬ್ಜೆಕ್ಟ್) ಕೂರುತ್ತದೆ. ಶೆಲ್‌ನಲ್ಲಿ 'ಆರ್ಡರ್.ಬೆಲೆ' ಅಂತ ಹೊಡೆದು ನೋಡಿ. ಬೆಲೆ ಬರುವುದಿಲ್ಲ, ಆ ಡಿಸ್ಕ್ರಿಪ್ಟರೇ ಬರುತ್ತದೆ.

ಆಮೇಲೆ ಒಂದೊಂದು ಆರ್ಡರ್ ಹುಟ್ಟುವಾಗಲೂ ಮಾಡೆಲ್‌ನ '__ಇನಿಟ್__' ಆ ಫೀಲ್ಡ್‌ಗಳನ್ನು ಹಿಡಿದು, ಆ ಆಬ್ಜೆಕ್ಟ್‌ನ ಸ್ವಂತ '__ಡಿಕ್ಟ್__' (ಆಟ್ರಿಬ್ಯೂಟ್‌ಗಳನ್ನಿಡುವ ಡಿಕ್ಷನರಿ) ಒಳಗೆ ಬೆಲೆ ಇಡುತ್ತದೆ. ನಿಮಗೆ ಸಿಗುವುದು ಅದು.

ಲಿಸ್ಟ್‌ಗೆ 'ಕಾಂಟ್ರಿಬ್ಯೂಟ್_ಟು_ಕ್ಲಾಸ್' ಮೆಥಡ್ ಇಲ್ಲ. ಜಾಂಗೋ ಅದನ್ನು ಮುಟ್ಟುವುದೇ ಇಲ್ಲ. ಕ್ಲಾಸ್ ಮೇಲೆ ಒಂದೇ ಲಿಸ್ಟ್, ಯಾರು ಅಪೆಂಡ್ ಮಾಡಿದರೂ ಅದಕ್ಕೇ.

ಉತ್ತರ (ಠಾಣೆ)
ಗುನಿಕಾರ್ನ್‌ನಲ್ಲಿ (ಹಲವು ವರ್ಕರ್ ಪ್ರೋಸೆಸ್‌ಗಳಲ್ಲಿ ಸೈಟ್ ನಡೆಸಬಲ್ಲ ಸರ್ವರ್) ಓಡಿಸುತ್ತಿದ್ದರೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಪ್ರತಿ ವರ್ಕರ್ ಪ್ರೋಸೆಸ್‌ಗೂ ತನ್ನದೇ ಲಿಸ್ಟ್. ಹಾಗಾಗಿ ರೊಟ್ಟಿ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಪೂರ್ತಿ ಮಾಯ. ಜನ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಮೇಲೆ ಅನುಮಾನ ಪಡುವುದು ಇದಕ್ಕೇ.

ಕೇಳಿದವರು
ಈಗ ತಿಳಿಯಿತು ಸರ್. '__ಇನಿಟ್__' ಒಳಗೆ 'ಸೆಲ್ಫ್.ಎಕ್ಸ್‌ಟ್ರಾ'ಗೆ ಹೊಸ ಲಿಸ್ಟ್ ಕೊಟ್ಟರೆ ಸಾಕಾ?

ಉತ್ತರ (ಹಿಂಜವಡಿ)
ಬೆರೆಯುವುದು ನಿಲ್ಲುತ್ತದೆ, ಆದರೆ ಸೇವ್ ಆಗುವುದಿಲ್ಲ. ಅದು ಫೀಲ್ಡ್ ಅಲ್ಲವಲ್ಲ, ಟೇಬಲ್‌ನಲ್ಲಿ ಕಾಲಂ ಇಲ್ಲ. ಲಿಸ್ಟನ್ನು ಒಂದೇ ಕಾಲಂನಲ್ಲಿ ಉಳಿಸುವ ಜೇಸನ್‌ಫೀಲ್ಡ್ ಇಡಬಹುದು. 2020ರಲ್ಲಿ ಬಂದ ಜಾಂಗೋ 3.1ರಿಂದ ಅದು ಪೋಸ್ಟ್‌ಗ್ರೆಸ್ ಬಿಟ್ಟು ಬೇರೆ ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ. ಡಿಫಾಲ್ಟ್‌ಗೆ ಮಾತ್ರ ಖಾಲಿ ಲಿಸ್ಟ್ ಕೊಡಬೇಡಿ, 'ಲಿಸ್ಟ್' ಎಂಬ ಹೆಸರನ್ನಷ್ಟೇ ಬ್ರಾಕೆಟ್ ಇಲ್ಲದೆ ಕೊಡಿ. ಇಲ್ಲದಿದ್ದರೆ ಮತ್ತೆ ಅದೇ ಕಥೆ, ಜಾಂಗೋ ಕೂಡ 'ಫೀಲ್ಡ್ಸ್.ಇ010' ಅಂತ ಎಚ್ಚರಿಸುತ್ತದೆ.

ನಾನಾದರೆ ಎಕ್ಸ್‌ಟ್ರಾಗಳಿಗೆ ಬೇರೆ ಮಾಡೆಲ್ ಮಾಡಿ ಆರ್ಡರ್‌ಗೆ ಫಾರಿನ್‌ಕೀ (ಯಾವ ಆರ್ಡರ್‌ಗೆ ಸೇರಿದ್ದೆಂಬ ಕೊಂಡಿ) ಕೊಡುತ್ತೇನೆ. ಇದು ದುಡ್ಡಿನ ಲೆಕ್ಕ. ಆ ದಿನದ ದರವನ್ನೂ ಅಲ್ಲೇ ಇಡಿ, ನಾಳೆ ರೊಟ್ಟಿ ದರ ಏರಿದರೆ ಹಳೇ ಬಿಲ್ ಬದಲಾಗಬಾರದು.