ಓದುಗರ ಸ್ಪಂದನ: ಮತ್ತೆ ಮತ್ತೆ ಹೊಸದು ಶುರು ಮಾಡೋದು ತಪ್ಪಾ?

ಕಳೆದ ವಾರದ ಪ್ರಶ್ನೆ: ನನಗೆ 39 ವರ್ಷ, ಬಾಗಲಕೋಟೆ ನವನಗರದಲ್ಲಿದ್ದೇನೆ. ಮೊದಲು ಖಾಸಗಿ ಶಾಲೆಯಲ್ಲಿ ಪಾಠ ಹೇಳಿದೆ, ಆಮೇಲೆ ಟೇಲರಿಂಗ್ ಮಾಡಿದೆ. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತೇನೆ. ಚೆನ್ನಾಗಿಯೇ ನಡೆದಿದೆ. ಆದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾಡುವ ಕೆಲಸ ಸಪ್ಪೆ ಅನಿಸಿ, ಬೇರೆ ಏನಾದರೂ ಶುರು ಮಾಡಬೇಕು ಅನಿಸುತ್ತದೆ. ಈಗ ಕಂಪ್ಯೂಟರಿನಲ್ಲಿ ವ್ಯಾಪಾರದ ಲೆಕ್ಕ ಬರೆಯುವ ಟ್ಯಾಲಿ ಕಲಿಯುವ ಆಸೆ. ಮನೆಯವರು ‘ಒಂದು ಕಡೆ ನಿಲ್ಲುವವಳಲ್ಲ’ ಅನ್ನುತ್ತಾರೆ. ಇದು ನನ್ನ ದೋಷವೇ?

ಅಕ್ಕಾರೆ, ಒಮ್ಮೆ ಏಪ್ರಿಲ್‌ನಲ್ಲಿ ನಮ್ಮ ಕಡೆ ದ್ರಾಕ್ಷಿ ತೋಟ ನೋಡಲು ಬನ್ನಿ. ಹಣ್ಣು ಕೊಯ್ದು, ಒಣದ್ರಾಕ್ಷಿ ಶೆಡ್ಡಿಗೆ ಹಾಕಿ, ಬಳ್ಳಿಯನ್ನು ಸ್ವಲ್ಪ ದಿನ ಸುಮ್ನೆ ಬಿಟ್ಟ ಮೇಲೆ ನಮ್ಮಲ್ಲಿ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಶುರುವಾಗುತ್ತದೆ. ಚಂದ ಹಬ್ಬಿದ ಕಡ್ಡಿಗಳನ್ನೆಲ್ಲ ಬುಡದ ಹತ್ತಿರ ಒಂದೊಂದು ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಕತ್ತರಿಸಿ ಹಾಕುತ್ತೇವೆ. ಗೊತ್ತಿಲ್ಲದವರು ನೋಡಿದರೆ ಇವರಿಗೆ ತಲೆ ಕೆಟ್ಟಿದೆ ಅನ್ನಬೇಕು, ಹಾಗಿರುತ್ತದೆ ತೋಟ. ಆದರೆ ಮುಂದಿನ ವರ್ಷದ ಗೊನೆ ಹಳೇ ಕಡ್ಡಿಯನ್ನು ನಂಬಿಕೊಂಡರೆ ಬರಲ್ಲ. ಈ ಬೇಸಿಗೆಯಲ್ಲಿ ಚಿಗುರುವ ಹೊಸ ಕಡ್ಡಿಯ ಕಣ್ಣಿನೊಳಗೆ ಅದು ತಯಾರಾಗುತ್ತದೆ. ಅಕ್ಟೋಬರಿನಲ್ಲಿ ಇನ್ನೊಂದು ಚಾಟ್ನಿ. ಆಗ ಕಣ್ಣು ಎಣಿಸಿ, ಜಾಸ್ತಿ ಉದ್ದ ಬಿಟ್ಟು ಕತ್ತರಿಸುತ್ತೇವೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹಣ್ಣು. ಅಂದರೆ ವರ್ಷಕ್ಕೆ ಎರಡು ಸಲ ಮೊದಲಿನಿಂದ ಶುರು. ಇದನ್ನು ಯಾರೂ ಚಂಚಲ ಬುದ್ಧಿ ಅನ್ನಲ್ಲ.

ಒಂದು ಮಾತು ಮಾತ್ರ ಕೇಳಿ. ನಾವು ಕಡ್ಡಿ ಕತ್ತರಿಸುತ್ತೇವೆ, ಬುಡ ಕೀಳುವುದಿಲ್ಲ. ಕೆಳಗಿರುವ, ನಾವು ಕಸಿ ಕಟ್ಟುವ ಡಾಗ್ರಿಡ್ಜ್ ತಳಿಯ ಬೇರು ಎಷ್ಟೋ ವರ್ಷ ಅದೇ ಇರುತ್ತದೆ. ಪಾಠ, ಹೊಲಿಗೆ, ರೊಟ್ಟಿ, ಈ ಮೂರರಲ್ಲೂ ನಿಮ್ಮ ಜೊತೆ ಬಂದದ್ದು ಏನು ಅಂತ ಕೂತು ಯೋಚಿಸಿ. ಜನರ ಜೊತೆ ಮಾತಾಡಿ ಕೆಲಸ ತೆಗೆಯುವುದು ಇರಬಹುದು, ಅಳತೆ ಲೆಕ್ಕ ಇರಬಹುದು. ಹೊಸದು ಅದರ ಮೇಲೆ ಚಿಗುರಲಿ. ಇನ್ನೊಂದು, ಹಣ್ಣು ಬಳ್ಳಿಯಲ್ಲಿ ಇರುವಾಗ ಯಾರೂ ಕತ್ತರಿ ಹಿಡಿಯಲ್ಲ. ನಿಮಗೆ ಸೀಗಿ ಹುಣ್ಣಿಮೆ, ಎಳ್ಳಮಾಸೆಗೆ ರೊಟ್ಟಿ ಆರ್ಡರ್ ಜಾಸ್ತಿ ಅಲ್ವಾ? ಅದು ಮುಗಿದ ಮೇಲೆ ಕ್ಲಾಸಿಗೆ ಹೋಗಿ.
– ದ್ರಾಕ್ಷಿ ಬೆಳೆಗಾರ, ತಿಕೋಟಾ

ಹೊಸದಾಗಿ ಶುರು ಮಾಡುವುದನ್ನು ಹೊಗಳಿ ಬರೆಯುವುದು ಸುಲಭ. ನನಗೆ ಆ ಹೊಗಳಿಕೆ ಓದಿದರೆ ಸಿಟ್ಟೇ ಬರುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿ ಓಣಿಗಳೇ ಹೋದಾಗ ನಮ್ಮನ್ನು ಯಾರೂ ‘ನಿಮಗೆ ಇಷ್ಟವಾ’ ಅಂತ ಕೇಳಲಿಲ್ಲ. ಅಂಗಡಿ, ಮನೆ, ಕಟ್ಟೆ ಮೇಲೆ ಕೂತು ಹರಟುವ ನೆರೆಯವರು, ಎಲ್ಲ ಚದುರಿದರು. ನಮ್ಮಪ್ಪ, ಮುಳುಗಿದವರಿಗೆ ಅಂತ ಕಟ್ಟಿದ ನವನಗರದಲ್ಲಿ ಮತ್ತೆ ಬಟ್ಟೆ ಅಂಗಡಿ ಇಟ್ಟಾಗ ಗಿರಾಕಿಗಳು ಯಾವ ಸೆಕ್ಟರಿಗೆ ಹೋಗಿದ್ದಾರೆ ಅನ್ನುವುದೂ ಗೊತ್ತಿರಲಿಲ್ಲ. ಹಳೇ ಉದ್ರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನು ಹುಡುಕಿದರು, ಬಾಕಿ ವಸೂಲಿಗೆ ಅಲ್ಲ, ಅಂಗಡಿ ಎಲ್ಲಿದೆ ಅಂತ ಹೇಳುವುದಕ್ಕೆ. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುತ್ತಾರೆ ಅಂದಾಗಲೆಲ್ಲ ಇನ್ನೂ ಎಷ್ಟು ಜನ ಮೊದಲಿನಿಂದ ಶುರು ಮಾಡಬೇಕೋ ಅನಿಸುತ್ತದೆ. ನಿಮ್ಮದು ಹಾಗಲ್ಲ ತಂಗಿ, ನೀವಾಗಿಯೇ ಬಯಸಿದ್ದು. ಆ ಅವಕಾಶ ಎಲ್ಲರಿಗೂ ಇಲ್ಲ, ಬಿಡಬೇಡಿ. ಗಿರಾಕಿಗಳ ಹೆಸರು, ಫೋನ್ ನಂಬರ್ ಬರೆದ ಪುಸ್ತಕ ಮಾತ್ರ ಜೋಪಾನ.
– ಬಟ್ಟೆ ವ್ಯಾಪಾರಿ, ಬಾಗಲಕೋಟೆ

ಗಂಡಸು ಮೂರು ಧಂದೆ ಬದಲಿಸಿದರೆ ‘ಭಾರೀ ಹುಷಾರಿದ್ದಾನೆ’. ಹೆಂಗಸು ಬದಲಿಸಿದರೆ ‘ನಿಲ್ಲುವವಳಲ್ಲ’. ಇಷ್ಟೇ ವಿಷಯ. ಕ್ಲಾಸಿಗೆ ಹೆಸರು ಹಚ್ಚಿ.
– ಗೃಹಿಣಿ, ಜಮಖಂಡಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರಾಗಬೇಡಿ. ಸಪ್ಪೆ ಅನಿಸಿದಾಗಲೆಲ್ಲ ಕೆಲಸವನ್ನೇ ಬದಲಿಸಬೇಕಾಗಿಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ, ಲೋಹ ಕಡೆಯುವ ಲೇತ್ ಮೇಲೆ ಕೈ ಪಳಗಿದವರ ಮುಂದೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಶೀನ್ ಬಂದು ನಿಂತಾಗ, ಮಿಸ್ತ್ರಿ ಅನಿಸಿಕೊಂಡವರೇ ಹೆಲ್ಪರ್ ತರಹ ಹುಡುಗರ ಪಕ್ಕ ನಿಂತು ಪ್ರೋಗ್ರಾಂ ಕಲಿಯಬೇಕಾಯಿತು. ಕೆಲವರು ಮುಖ ತಿರುಗಿಸಿ ಹೋದರು. ಕಲಿತವರದ್ದು ಬೇರೆಯೇ ಲೆಕ್ಕ. ಟೂಲ್ ಸವೆದಿದೆ ಅಂತ ಸದ್ದಿನ ಮೇಲೆ, ಉದುರುವ ಚೂರಿನ ಬಣ್ಣದ ಮೇಲೆ ಹೇಳುತ್ತಿದ್ದರು, ಅದು ಹುಡುಗರಿಗೆ ಬರುತ್ತಿರಲಿಲ್ಲ. ಕಾರ್ಖಾನೆ ಅದೇ, ಡಬ್ಬಿ ಬುತ್ತಿ ಅದೇ, ಆದರೂ ಶುರು ಹೊಸದು. ಎಲ್ಲ ಗೊತ್ತಾಯಿತು ಅನಿಸಿದಾಗ ಯಾವ ಕೆಲಸವಾದರೂ ಸಪ್ಪೆಯೇ. ಟ್ಯಾಲಿಯೂ ಒಂದು ದಿನ ಹಾಗೇ ಆಗುತ್ತದೆ, ಆಗ ಏನು ಮಾಡುತ್ತೀರಿ? ರೊಟ್ಟಿಯಲ್ಲೇ ನಿಮಗೆ ಇನ್ನೂ ಬಾರದ್ದು ಏನಿದೆ ಅಂತ ಮೊದಲು ನೋಡಿ.
– ಮಶೀನ್ ಆಪರೇಟರ್, ಬೆಳಗಾವಿ

ನಾನೂ ರೊಟ್ಟಿಯವಳೇ, ಅದಕ್ಕೆ ನೇರ ಲೆಕ್ಕಕ್ಕೆ ಬರುತ್ತೇನೆ. ಧಂದೆ ನಿಲ್ಲಿಸಬೇಡಿ. ಬಡಿಯುವ ಕೆಲಸಕ್ಕೆ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕೂಡಿಸಿಕೊಳ್ಳಿ, ಬೆಳಗಿನ ಹೊತ್ತು ನಿಮಗೆ ಬಿಡುವಾಗುತ್ತದೆ. ಟ್ಯಾಲಿ ಕಲಿತು ಬೇರೆಯವರ ಆಫೀಸಿಗೆ ಓಡುವ ಮೊದಲು ನಿಮ್ಮದೇ ಜೋಳ, ಶೇಂಗಾ, ಗ್ಯಾಸು, ಪ್ಯಾಕಿಂಗ್ ಎಲ್ಲ ಅದರಲ್ಲಿ ಹಾಕಿ ನೋಡಿ. ನಮ್ಮಂಥವರು ನಮ್ಮ ಕೂಲಿಯನ್ನು ಖರ್ಚಿಗೆ ಹಿಡಿಯುವುದೇ ಇಲ್ಲ, ಅದನ್ನು ಮರೆಯದೆ ಬರೆಯಿರಿ. ದೊಡ್ಡದಾಗಿ ಮಾಡುವ ಮನಸ್ಸಿದ್ದರೆ, ಸಣ್ಣ ಆಹಾರ ಉದ್ದಿಮೆಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ಬ್ಯಾಂಕ್ ಸಾಲ ತಗೊಂಡು ಮಾಡುವ ಘಟಕಕ್ಕೆ ಅದರ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇಟ್ಟಿದ್ದರು. ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ. ಬ್ಯಾಂಕಿನವರು ಮೊದಲು ಕೇಳುವುದೇ ಲೆಕ್ಕದ ಕಾಗದ, ಆಗ ನಿಮ್ಮ ಟ್ಯಾಲಿ ಕೈಗೆ ಬರುತ್ತದೆ. ಮನೆಯವರ ಜೊತೆ ವಾದ ಬೇಡ. ಒಂದು ತಿಂಗಳ ಲಾಭ-ನಷ್ಟದ ಹಾಳೆ ಪ್ರಿಂಟ್ ತೆಗೆದು ಊಟಕ್ಕೆ ಕೂತಾಗ ಮುಂದಿಡಿ. ಅಂದಹಾಗೆ, ಗುರೆಳ್ಳು ಚಟ್ನಿ ಮಾಡ್ತೀರಾ? ನಮ್ಮ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ, ನನಗೆ ಪೂರೈಸಲು ಆಗುತ್ತಿಲ್ಲ.
– ರೊಟ್ಟಿ ಕೇಂದ್ರ ನಡೆಸುವವರು, ಇಳಕಲ್