ತಮ್ಮನ ನಿದ್ದೆಯ ಬಗ್ಗೆ ದೊಡ್ಡಪ್ಪನವರಿಗೆ

ದೊಡ್ಡಪ್ಪ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿಗೆ ಕಳುಹಿಸಿದ ಮಾತನ್ನು ಎರಡು ಸಲ ಕೇಳಿದೆ. ತಮ್ಮ ರಾತ್ರಿಯೆಲ್ಲ ಮೊಬೈಲು ಹಿಡಿದು ಮಧ್ಯಾಹ್ನದವರೆಗೂ ಮಲಗಿರುತ್ತಾನೆ, ಇವನಿಗೆ ಡಿಪ್ರೆಶನ್ನೂ ಇಲ್ಲ ಗಿಪ್ರೆಶನ್ನೂ ಇಲ್ಲ, ಬೆಳಗ್ಗೆ ಐದಕ್ಕೆ ಎದ್ದು ನಡೆದರೆ ಎಲ್ಲ ಸರಿಹೋಗುತ್ತದೆ ಎಂದಿರಿ. ಅವನೂ ಇರುವ ಗುಂಪಿನಲ್ಲಿ ಅದನ್ನು ಹೇಳದಿದ್ದರೆ ಚೆನ್ನಾಗಿತ್ತು. ಆದರೂ ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ನಾನು ಅನುಭವಿಸಿಯೇ ಒಪ್ಪುತ್ತೇನೆ. ಮಾತು ಉದ್ದವಾದರೆ ದೊಡ್ಡಮ್ಮ ಬೇಸರಿಸಬಾರದು.

ಬೆಂಗಳೂರಿನಲ್ಲಿ ನಾನು ಎರಡು ವರ್ಷ ರಾತ್ರಿ ಪಾಳಿಯಲ್ಲಿ ದುಡಿದದ್ದು ನಿಮಗೆ ಗೊತ್ತು. ರಾತ್ರಿ ಎರಡಕ್ಕೆ ಒಂದು ಕಾಫಿ, ನಾಲ್ಕಕ್ಕೆ ಇನ್ನೊಂದು. ಬೆಳಗ್ಗೆ ಕ್ಯಾಬ್ ಇಳಿದು ಬಂದು, ಹಳೆಯ ಪೇಪರು ಅಂಟಿಸಿದ್ದ ಕಿಟಕಿಯ ಪಕ್ಕದಲ್ಲಿ ಮಲಗುತ್ತಿದ್ದೆ. ಕೆಳಗೆ ಸೊಪ್ಪು ಮಾರುವವರ ಕೂಗು. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕಾಗುವುದರಿಂದ, ನಾಲ್ಕರ ಕಾಫಿಯಲ್ಲಿ ಅರ್ಧದಷ್ಟು ಒಂಬತ್ತಕ್ಕೂ ಒಳಗೇ ಇರುತ್ತಿತ್ತು. ನಿದ್ದೆ ಕೆಟ್ಟಾಗ ನನಗೆ ಮೊದಲು ಕೈಕೊಟ್ಟದ್ದು ತಾಳ್ಮೆ. ಅಮ್ಮ ಊಟವಾಯಿತೇ ಎಂದು ಕೇಳಿದರೂ ರೇಗುತ್ತಿದ್ದೆ, ಆಮೇಲಾಮೇಲೆ ಫೋನನ್ನೇ ಎತ್ತುತ್ತಿರಲಿಲ್ಲ. ಜೊತೆಯವರು ನಿದ್ದೆ ಬರಲೆಂದು ಕುಡಿಯುತ್ತಿದ್ದರು. ಮದ್ಯ ಬೇಗ ಮಲಗಿಸುತ್ತದೆ ನಿಜ, ಆದರೆ ನಿದ್ದೆಯ ಎರಡನೆಯ ಅರ್ಧವನ್ನು ಅದೇ ಕೆಡಿಸುತ್ತದೆ. ಸಿಗರೇಟಿನ ಕಥೆಯೂ ಹೀಗೆಯೇ: ನಿಕೋಟಿನ್ ಇಲ್ಲದೆ ಹುಟ್ಟಿದ ಚಡಪಡಿಕೆಯನ್ನು ನಿಕೋಟಿನ್ನೇ ತಣಿಸುತ್ತದೆ, ನಾವು ಅದನ್ನು ನೆಮ್ಮದಿ ಎಂದುಕೊಳ್ಳುತ್ತೇವೆ.

ಇಲ್ಲಿಯವರೆಗೆ ನಿಮ್ಮ ಮಾತೇ ಸರಿ. ಆದರೆ ನನಗೆ ಹಗಲಿನ ಪಾಳಿ ಸಿಕ್ಕ ಮೇಲೆಯೂ ನಿದ್ದೆ ಬರಲಿಲ್ಲ. ಮೂರು ಗಂಟೆಗೆ ಎಚ್ಚರವಾದರೆ ಮುಗಿಯಿತು, ಸ್ನಾನ ಮಾಡುವುದೂ ಬೆಟ್ಟ ಹತ್ತಿದಂತಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಬಂದು, ಅಲ್ಲೇ ನಿಂತು, ಮತ್ತೆ ಒಳಗೆ ಹೋಗಿ ಕುಳಿತದ್ದು ಎಷ್ಟು ಸಲವೋ. ಅದನ್ನು ಸೋಮಾರಿತನವೆಂದೇ ಎಲ್ಲರೂ ತಿಳಿದರು, ನಾನೂ ತಿಳಿದೆ. ನಿದ್ದೆಗೆಡುವುದರಿಂದ ಖಿನ್ನತೆ ಬರಬಹುದು, ಖಿನ್ನತೆಯಿಂದಲೂ ನಿದ್ದೆ ಕೆಡಬಹುದು ಎಂದು ವೈದ್ಯರು ಹೇಳಿದಾಗಲೇ ಗೊತ್ತಾದದ್ದು. ಔಷಧಿ, ಆಪ್ತಸಮಾಲೋಚನೆ ಶುರುವಾದ ಮೇಲೆ ದಿನಕ್ಕೆ ಹತ್ತು ನಿಮಿಷದ ನಡಿಗೆ ಸಾಧ್ಯವಾಯಿತು. ಆ ನಡಿಗೆ ಮುಂದೆ ನಿಜವಾಗಿಯೂ ನೆರವಿಗೆ ಬಂತು.

ನಡಿಗೆಯಂತೆಯೇ ಊಟದ ಬಗ್ಗೆಯೂ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಖಿನ್ನತೆಯಿದ್ದ 67 ಜನರ ಮೇಲೆ 12 ವಾರ ನಡೆದ ಪ್ರಯೋಗವೊಂದರ ವರದಿ 2017ರಲ್ಲಿ ಬಂತು. ಊಟದ ಕ್ರಮ ಬದಲಿಸಿದವರಲ್ಲಿ ಸುಮಾರು ಮೂರರಲ್ಲೊಬ್ಬರು ಚೇತರಿಸಿಕೊಂಡಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಆಗಲೇ ಚಿಕಿತ್ಸೆಯಲ್ಲಿದ್ದರು, ಜೊತೆಗೆ ಆಹಾರತಜ್ಞರು ಪದೇಪದೇ ಕೂರಿಸಿಕೊಂಡು ಮಾತನಾಡಿಸುತ್ತಿದ್ದರು. ಬೈದು ಊಟ ಬದಲಿಸಿದ ಪ್ರಯೋಗ ಅದಲ್ಲ, ದೊಡ್ಡಪ್ಪ.

ತಮ್ಮನಿಗೆ ಖಿನ್ನತೆಯೇ ಇದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು. ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಭಾನುವಾರ ನಾನು ಊರಿಗೆ ಬರುತ್ತೇನೆ, ಸಂಜೆ ಅವನ ಜೊತೆ ಕೆರೆ ಏರಿಯವರೆಗೆ ಹೋಗಿ ಬರುತ್ತೇನೆ. ಅಲ್ಲಿಯವರೆಗೆ ಅವನನ್ನು ಐದಕ್ಕೆ ಎಬ್ಬಿಸಬೇಡಿ.