ಟಿಕೆಟ್ ಎಲ್ಲ ಕ್ಲೋಸ್, ಲಾರಿ ಮಾತ್ರ ಗೇಟಲ್ಲೇ: ಕಂಪನಿ ಐಟಿ ಟೀಮ್ ನಡೆಸುವವರ ಪ್ರಶ್ನೋತ್ತರ

ಪ್ರಶ್ನೆ:
ಮೇಡಂ, ನಮಸ್ಕಾರ. ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಗೆ ಐಟಿ ಮ್ಯಾನೇಜರ್ ಆಗಿದ್ದೇನೆ. ಟೀಮಿನಲ್ಲಿ 9 ಜನ, ಮೂರು ಪ್ಲಾಂಟ್, ಒಂದು ಇಆರ್‌ಪಿ (ಸ್ಟಾಕ್, ಬಿಲ್, ಲೆಕ್ಕ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್). ಸರ್ವರ್ ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ. ಟಿಕೆಟ್‌ಗಳು, ಅಂದರೆ ಬೇರೆ ವಿಭಾಗದವರು ಐಟಿಗೆ ಹಾಕುವ ದೂರುಗಳು, ಟೈಮಿಗೆ ಸರಿಯಾಗಿ ಕ್ಲೋಸ್ ಆಗುತ್ತವೆ. ಹೋದ ತಿಂಗಳ ರಿವ್ಯೂನಲ್ಲಿ ಇದನ್ನೆಲ್ಲ 22 ಸ್ಲೈಡ್ ಮಾಡಿ ತೋರಿಸಿದೆ. ಎಂಡಿ ಪೂರ್ತಿ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಅಂದರು: "ಇದರಿಂದ ಕಂಪನಿಗೆ ಏನು ಸಿಕ್ತು?" ನನಗೆ ಉತ್ತರ ಹೊಳೆಯಲಿಲ್ಲ. ಈಗ ಬಜೆಟ್ ಇಳಿಸುವ ಮಾತು ಬಂದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ:
ನಮಸ್ಕಾರ. ಎಂಡಿ ಬಾಯಿಬಿಟ್ಟು ಕೇಳಿದ್ದು ಒಳ್ಳೆಯದೇ ಆಯಿತು. ಎಷ್ಟೋ ಕಡೆ ಕೇಳದೆಯೇ ಬಜೆಟ್ ಕತ್ತರಿಸುತ್ತಾರೆ. ನಾನು 20 ವರ್ಷಕ್ಕೂ ಜಾಸ್ತಿ ಕಾರ್ಖಾನೆಗಳ ಐಟಿ ನೋಡಿಕೊಂಡವಳು. ಇದೇ ಪ್ರಶ್ನೆ ನನಗೂ ಬಂದಿತ್ತು. ಆಗ ನನ್ನ ಹತ್ತಿರ ಇದ್ದ ಲೆಕ್ಕ ಸರ್ವರ್ ಎಷ್ಟು ಗಂಟೆ ಓಡಿತು ಅನ್ನುವುದೊಂದೇ.

ಈ ತಿಂಗಳ ಕೊನೆಯ ವಾರ ಮೂರು ಸಂಜೆ ಡಿಸ್ಪ್ಯಾಚ್‌ಗೆ ಹೋಗಿ ನಿಂತುಕೊಳ್ಳಿ. ಲ್ಯಾಪ್‌ಟಾಪ್ ಬೇಡ. ಟೀಮಿನಿಂದ ಇಬ್ಬರನ್ನು ಕರೆದುಕೊಂಡು ಹೋಗಿ. ಯಾಕೆ ಅಂದರೆ, ನನಗಾದ ಅನುಭವ ಹೇಳುತ್ತೇನೆ.

ಒಂದು ಕಂಪನಿಯಲ್ಲಿ ಲಾರಿಗಳು ರಾತ್ರಿ ತಡವಾಗಿ ಹೊರಡುತ್ತಿದ್ದವು. ನಮ್ಮ ಲೆಕ್ಕದಲ್ಲಿ ಡಿಸ್ಪ್ಯಾಚ್‌ನಿಂದ ಒಂದು ಟಿಕೆಟ್ ಕೂಡ ಬಾಕಿ ಇರಲಿಲ್ಲ. ಸಂಜೆ ಆರೂವರೆಗೆ ಹೋಗಿ ನೋಡಿದೆ. ಲೋಡ್ ಆದ ಲಾರಿ ಗೇಟ್ ಹತ್ತಿರ ನಿಂತಿದೆ, ಡ್ರೈವರ್ ಕ್ಯಾಬಿನ್‌ನಲ್ಲಿ ಮಲಗಿದ್ದಾರೆ. ಒಳಗೆ ಕ್ಲರ್ಕ್ ಒಬ್ಬರು ಉದ್ದ ನೋಟ್‌ಬುಕ್ ತೆರೆದಿಟ್ಟುಕೊಂಡು ಟೈಪ್ ಮಾಡುತ್ತಿದ್ದಾರೆ. ನೋಟ್‌ಬುಕ್ಕಿನ ರಟ್ಟು ಕಿತ್ತು ಬಂದು, ಟೇಪ್ ಸುತ್ತಿದ್ದರು. ಎಡಗಡೆ ನಮ್ಮ ಪಾರ್ಟ್ ನಂಬರ್, ಬಲಗಡೆ ಕಸ್ಟಮರ್ ಕಂಪನಿಯ ಪಾರ್ಟ್ ನಂಬರ್. ನಮ್ಮ ಇಆರ್‌ಪಿಯಲ್ಲಿ ಅವರ ನಂಬರ್ ಇರಲೇ ಇಲ್ಲ. ಇನ್‌ವಾಯ್ಸ್‌ನಲ್ಲಿ ಒಂದು ಅಂಕಿ ತಪ್ಪಿದರೂ ಅವರ ಗೇಟಿನಿಂದ ಮಾಲು ವಾಪಸ್. ಅದಕ್ಕೆ ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿ ಟೈಪ್ ಮಾಡುತ್ತಿದ್ದರು. ಅದಾದ ಮೇಲೆ ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹಾಕಿ ಐಆರ್‌ಎನ್ (ಆ ಇನ್‌ವಾಯ್ಸ್‌ಗೆ ಅಲ್ಲಿ ಸಿಗುವ ನಂಬರ್), ಕ್ಯೂಆರ್ ಕೋಡ್ ತೆಗೆಯಬೇಕು. ಮತ್ತೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡಬೇಕು. ಪ್ರಿಂಟರ್ ಇದ್ದದ್ದು ಇನ್ನೊಂದು ಬಿಲ್ಡಿಂಗ್‌ನಲ್ಲಿ. ಒಂದು ಲಾರಿಗೆ ಹತ್ತಿರ ಹತ್ತಿರ 50 ನಿಮಿಷ ಹಿಡಿಯುತ್ತಿತ್ತು.

"ಟಿಕೆಟ್ ಯಾಕೆ ಹಾಕಲಿಲ್ಲ?" ಅಂತ ಕೇಳಿದೆ. "ಇದಕ್ಕೆಲ್ಲ ಟಿಕೆಟ್ ಹಾಕ್ತಾರಾ ಮೇಡಂ? ಇದು ನಮ್ಮ ಕೆಲಸ ಅಲ್ವಾ?" ಅಂದರು. ಆ ಮಾತು ಈಗ ನೆನೆದರೂ ನನಗೆ ಕಷ್ಟವಾಗುತ್ತದೆ. ಅಷ್ಟು ದಿನ ಅವರು ದಿನಾ ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗಿದ್ದರು, ನಮಗೆ ಗೊತ್ತೇ ಇರಲಿಲ್ಲ.

ನಮ್ಮ ಹುಡುಗ ಒಬ್ಬ ಅವರ ಪಕ್ಕದಲ್ಲೇ ಕೂತು ಇಡೀ ನೋಟ್‌ಬುಕ್ಕನ್ನು ಇಆರ್‌ಪಿಗೆ ಹತ್ತಿಸಿದ. ಇ-ಇನ್‌ವಾಯ್ಸ್, ಇ-ವೇ ಬಿಲ್ ಎರಡೂ ಇಆರ್‌ಪಿಯಿಂದಲೇ ನೇರ ಆಗುವ ಹಾಗೆ ಮಾಡಿದೆವು. ಪ್ರಿಂಟರ್ ಅವರ ಟೇಬಲ್ ಹತ್ತಿರ ಬಂತು. 50 ನಿಮಿಷ ಇದ್ದದ್ದು 15ಕ್ಕೆ ಇಳಿಯಿತು. ಕಾಯಿಸಿದ್ದಕ್ಕೆ ಲಾರಿಯವರಿಗೆ ಕೊಡುತ್ತಿದ್ದ ಹಾಲ್ಟಿಂಗ್ ಚಾರ್ಜ್ ನಿಂತಿತು. ಮುಂದಿನ ರಿವ್ಯೂನಲ್ಲಿ ಇದನ್ನು ಹೇಳಿದ್ದು ಡಿಸ್ಪ್ಯಾಚ್ ಹೆಡ್. ನಾನು ಬಾಯಿ ಬಿಡಲೇ ಇಲ್ಲ.

ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಿಂದ 500 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳಿಗೆ ಬಂತು. 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರಿಗೂ ಬಂತು. ಸರ್ಕಾರದ ರೂಲ್, ಮಾಡಿ ಮುಗಿಸಿದೆವು ಅಂತ ತುಂಬ ಕಡೆ ಐಟಿಯವರು ಕೈ ತೊಳೆದುಕೊಂಡರು. ನಾವೂ ಹಾಗೇ ಮಾಡಿದ್ದೆವು. ಅದೇ ಕೆಲಸ ಮಾಡುವಾಗ ಗೇಟಲ್ಲಿ ಲಾರಿ ಎಷ್ಟು ಹೊತ್ತು ಕಾಯುತ್ತಿದೆ ಅಂತ ಒಬ್ಬರು ಹೋಗಿ ನೋಡಿದ್ದರೆ ಸಾಕಿತ್ತು.

ಮರುಪ್ರಶ್ನೆ:
ಖಂಡಿತ ಹೋಗುತ್ತೇನೆ ಮೇಡಂ. ಆದರೆ ಈಗಾಗಲೇ 140 ಬೇಡಿಕೆಗಳ ಲಿಸ್ಟ್ ಇದೆ. ಎಲ್ಲರೂ ಅರ್ಜೆಂಟ್ ಅನ್ನುತ್ತಾರೆ. ಯಾರಿಗೆ ಇಲ್ಲ ಅನ್ನಲಿ?

ಉತ್ತರ:
ಇಲ್ಲ ಅನ್ನುವ ಕಷ್ಟವನ್ನು ನೀವೊಬ್ಬರೇ ಹೊರಬೇಡಿ. ಕೇಳಿದವರ ಹತ್ತಿರ ಕೂತು ಮಾತಾಡಿ. ಇದು ಆದರೆ ನಿಮ್ಮ ಯಾವ ಲೆಕ್ಕ ಬದಲಾಗುತ್ತದೆ, ಇವತ್ತು ಅದು ಎಷ್ಟಿದೆ, ಮೂರು ತಿಂಗಳಾದ ಮೇಲೆ ಅದನ್ನು ರಿವ್ಯೂನಲ್ಲಿ ನೀವೇ ಹೇಳುತ್ತೀರಾ ಅಂತ ಕೇಳಿ. ಹೂಂ ಅಂದರೆ ಅವರ ಹೆಸರು ಬರೆದುಕೊಂಡು ಕೆಲಸ ಶುರು ಮಾಡಿ. ಅರ್ಧದಷ್ಟು ಬೇಡಿಕೆಗಳು ಈ ಮಾತುಕತೆಯಲ್ಲೇ ಬಿದ್ದುಹೋಗುತ್ತವೆ. ಡ್ಯಾಶ್‌ಬೋರ್ಡ್ (ಲೆಕ್ಕಗಳನ್ನೆಲ್ಲ ಒಂದೇ ಸ್ಕ್ರೀನಿನಲ್ಲಿ ತೋರಿಸುವುದು) ಕೇಳಿದವರ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿರಿ. ಹೋದ ವರ್ಷ ಮಾಡಿಕೊಟ್ಟ ಡ್ಯಾಶ್‌ಬೋರ್ಡ್‌ಗಳನ್ನು ಯಾರು ಎಷ್ಟು ಸಲ ತೆರೆದಿದ್ದಾರೆ ಅಂತ ಲಾಗ್ ತೆಗೆದು ನೋಡಿ. ಯಾರೂ ತೆರೆಯದ್ದನ್ನು, ಅವರಿಗೆ ಹೇಳಿಯೇ ನಿಲ್ಲಿಸಿ. ನಿಮ್ಮ ಹುಡುಗರ ಎಷ್ಟೋ ದಿನ ಉಳಿಯುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ, ಮೈಸೂರಿನಿಂದ:
ಅಕ್ಕಾ, ನಾವು ಸ್ಟೋರ್ಸ್‌ಗೆ ಬಾರ್‌ಕೋಡ್ ತಂದು ಒಂದು ವರ್ಷ ಆಯಿತು. ಸ್ಕ್ಯಾನರ್ ಎಲ್ಲ ಚೆನ್ನಾಗಿವೆ. ಆದರೂ ಸ್ಟೋರ್ಸ್‌ನವರು ರಿಜಿಸ್ಟರ್ ಬಿಡುತ್ತಿಲ್ಲ. ಮೊದಲು ಬರೆಯುತ್ತಾರೆ, ಪುರುಸೊತ್ತಾದಾಗ ಸ್ಕ್ಯಾನ್ ಮಾಡುತ್ತಾರೆ. ಸ್ಟಾಕ್ ತಾಳೆಯೇ ಆಗುವುದಿಲ್ಲ.

ಉತ್ತರ:
ಭೂಮಿ ಯೋಜನೆ ನೆನಪಿದೆಯಾ? ನಮ್ಮ ರಾಜ್ಯದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕೊಡುವ ಹಾಗೆ ಮಾಡಿದರು. ಅದು ನಡೆದದ್ದು ಯಾಕೆ ಅಂದರೆ, ಕೈಬರಹದ ಪಹಣಿಯನ್ನೇ ನಿಲ್ಲಿಸಿದರು. ಅದನ್ನೂ ಇಟ್ಟುಕೊಂಡಿದ್ದರೆ ರೈತರು ಎರಡು ಕಡೆ ಓಡಾಡಬೇಕಿತ್ತು. ಖಾತೆ ಬದಲಾವಣೆ ಅರ್ಜಿಗಳನ್ನೂ ಬಂದ ಸರದಿಯಲ್ಲೇ ತೆಗೆದುಕೊಳ್ಳುವ ಹಾಗೆ ಮಾಡಿದರು. ರೈತರಿಗೆ ಬೇಕಾಗಿದ್ದದ್ದು ಅದೇ, ಯಾರ ಕಾಲೂ ಹಿಡಿಯದೆ ತಮ್ಮ ಸರದಿ ಬರುವುದು.

ನೀವೂ ಒಂದು ತಾರೀಕು ಹೇಳಿ ರಿಜಿಸ್ಟರ್ ಮುಚ್ಚಲೇಬೇಕು. ಅದಕ್ಕೆ ಮೊದಲು ಒಂದು ಕೆಲಸ ಇದೆ. ಆ ರಿಜಿಸ್ಟರ್ ಕೈಗೆ ತೆಗೆದುಕೊಂಡು ಒಂದು ತಿಂಗಳ ಪುಟಗಳನ್ನು ಓದಿ. ನಿಮ್ಮ ಸಿಸ್ಟಂನಲ್ಲಿ ಇಲ್ಲದ ಏನೋ ಒಂದು ಅದರಲ್ಲಿ ಇದ್ದೇ ಇರುತ್ತದೆ. ನಾನು ಓದಿದ ಒಂದು ರಿಜಿಸ್ಟರ್‌ನಲ್ಲಿ ಅಂಚಿಗೆ ಪೆನ್ಸಿಲ್‌ನಲ್ಲಿ "ರಾತ್ರಿ ಪಾಳಿ, ಸಾಲ" ಅಂತ ಬರೆದಿತ್ತು. ರಾತ್ರಿ ಮೆಷಿನ್ ಕೆಟ್ಟಾಗ ಸ್ಲಿಪ್ ಇಲ್ಲದೆ ಬೇರಿಂಗ್ ಕೊಟ್ಟು, ಬೆಳಿಗ್ಗೆ ಲೆಕ್ಕ ಸರಿ ಮಾಡುತ್ತಿದ್ದರು. ನಮ್ಮ ಸಿಸ್ಟಂ ಸ್ಲಿಪ್ ಇಲ್ಲದೆ ಒಂದು ನಟ್ಟನ್ನೂ ಕೊಡುತ್ತಿರಲಿಲ್ಲ. ಅವರು ರಿಜಿಸ್ಟರ್ ಇಟ್ಟದ್ದರಲ್ಲಿ ತಪ್ಪೇನಿತ್ತು ಹೇಳಿ?

ಹಾಗಂತ ಕೇಳಿದ್ದಕ್ಕೆಲ್ಲ ಸಾಫ್ಟ್‌ವೇರ್ ಬಗ್ಗಿಸುತ್ತಾ ಹೋಗಬೇಡಿ. ಜರ್ಮನಿಯ ಲಿಡ್ಲ್ ಅಂಗಡಿಗಳ ಕಥೆ ಅದೇ. ಅವರು ಸ್ಟಾಕ್ ಬೆಲೆಯನ್ನು ಕೊಂಡ ದರದಲ್ಲಿ ಲೆಕ್ಕ ಹಾಕುವವರು, ಸ್ಯಾಪ್ ಅನ್ನುವ ಕಂಪನಿಯ ರೀಟೇಲ್ ಸಾಫ್ಟ್‌ವೇರ್ ಮಾರುವ ದರ ಹಿಡಿಯುತ್ತಿತ್ತು. ತಮ್ಮ ಪದ್ಧತಿ ಬಿಡದೆ ಸಾಫ್ಟ್‌ವೇರನ್ನೇ ಬದಲಿಸಲು ಹೋದರು. ಕೆಲಸ ಶುರುವಾಗಿ 7 ವರ್ಷ ಆದ ಮೇಲೆ, 2018ರಲ್ಲಿ, ಕೈಬಿಟ್ಟರು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೋ ಹೋಗಿತ್ತು ಅಂತ ಪತ್ರಿಕೆಗಳು ಬರೆದವು. ರಾತ್ರಿ ಪಾಳಿಯ ಬೇರಿಂಗ್‌ನಂಥ ನಿಜವಾದ ಕಷ್ಟಕ್ಕೆ ದಾರಿ ಮಾಡಿಕೊಡಿ. ಬರೀ ರೂಢಿ ಅಂತ ನಡೆದುಬಂದದ್ದನ್ನು ಪ್ಲಾಂಟ್ ಹೆಡ್ ಜೊತೆ ಕೂತು ಬಿಡಿಸಿ.

ಮತ್ತೊಂದು ಪ್ರಶ್ನೆ:
ಸೆಕ್ಯುರಿಟಿ, ಬ್ಯಾಕಪ್ ಕೆಲಸಕ್ಕೆ ಲಾಭ ತೋರಿಸುವುದು ಹೇಗೆ?

ಉತ್ತರ:
ಲಾಭ ಅಂತ ತೋರಿಸಬೇಡಿ, ವಿಮೆ ಥರ ತೋರಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆ ಕಂಪ್ಯೂಟರ್ ಇಷ್ಟಿವೆ ಅಂದರೆ ಎಂಡಿಗೆ ಏನೂ ಅನ್ನಿಸುವುದಿಲ್ಲ. ಟೆಸ್ಟಿಂಗ್ ಮೆಷಿನ್‌ಗೆ ಹಾಕಿರುವುದೂ ಅದೇ ಹಳೆಯದು, ಅದು ನಿಂತರೆ ಆ ದಿನ ಮಾಲು ಹೊರಗೆ ಹೋಗುವುದಿಲ್ಲ ಅಂತ ಹೇಳಿ. ಬ್ಯಾಕಪ್ ವಾಪಸ್ ಹಾಕಿ ನೋಡಿದ್ದು ಯಾವತ್ತು, ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಹೇಳಿ.

ಮೊದಲ ಪ್ರಶ್ನೆ ಕೇಳಿದವರಿಂದ:
ಕೊನೆಯದಾಗಿ ಒಂದು ಮೇಡಂ. ಒಳ್ಳೆ ಹುಡುಗರು ಎರಡೇ ವರ್ಷಕ್ಕೆ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿಬಿಡುತ್ತಾರೆ. ಅಷ್ಟು ಸಂಬಳ ನಾವು ಕೊಡೋಕೆ ಆಗಲ್ಲ. ಏನು ಮಾಡಲಿ?

ಉತ್ತರ:
ಸಂಬಳದಲ್ಲಿ ಅವರ ಸಮಕ್ಕೆ ನಿಲ್ಲುವುದು ಕಷ್ಟ, ಕೆಲವರು ಹೋಗಿಯೇ ಹೋಗುತ್ತಾರೆ. ಆ ನೋಟ್‌ಬುಕ್ ಹತ್ತಿಸಿದ ಹುಡುಗನ ವಿಷಯ ಹೇಳುತ್ತೇನೆ. ಅವನೂ ಬಿಡುವ ಯೋಚನೆಯಲ್ಲಿದ್ದ. ಕೆಲಸ ಮುಗಿದ ಮೇಲೆ ಒಂದು ಸಂಜೆ ನಾವಿಬ್ಬರೂ ಡಿಸ್ಪ್ಯಾಚ್ ಕಡೆ ಹೋದೆವು. ಆ ಕ್ಲರ್ಕ್ ಬ್ಯಾಗ್ ಹಾಕಿಕೊಂಡು ಹೊರಟಿದ್ದರು, ಆಗಿನ್ನೂ ಏಳು ಗಂಟೆ. ಇವನನ್ನು ನೋಡಿ ನಿಂತು, "ಬಾರಪ್ಪಾ, ಕಾಫಿ ಕುಡಿದು ಹೋಗು" ಅಂತ ಕೈ ಹಿಡಿದು ಕ್ಯಾಂಟೀನ್‌ಗೆ ಕರೆದುಕೊಂಡು ಹೋದರು. ಮಾರನೇ ದಿನ ಅವನು ತಾನಾಗೇ ಬಂದು ಕೇಳಿದ, "ಮೇಡಂ, ನೆಕ್ಸ್ಟ್ ಸ್ಟೋರ್ಸ್ ನೋಡೋಣ್ವಾ?" ಆಮೇಲೆ ನಾಲ್ಕು ವರ್ಷ ನಮ್ಮ ಜೊತೆಗೇ ಇದ್ದ.